ಕುದುರೆಯ ಕಣ್ಣಿಗೆ ಅಡ್ಡವಿಟ್ಟ ಕೈ

ಸತ್ತವರ ಕಣ್ಣು ತೆರೆಸುವುದು ನನ್ನ ಕೆಲಸ. ಹೀಗೆಂದರೆ ಕೇಳಿದವರು ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಆದರೆ ತುಮಕೂರಿನಲ್ಲಿ ಫೋಟೋ ಸ್ಟುಡಿಯೋ ಇಟ್ಟವರಿಗೆ ಇದೇನೂ ಹೊಸದಲ್ಲ. ತಿಥಿಗೆ ಎರಡು ದಿನವಿದೆ ಎನ್ನುವಾಗ ಯಾರೋ ಒಬ್ಬರು ಮದುವೆಯ ಗುಂಪು ಫೋಟೋ ಹಿಡಿದು ಬರುತ್ತಾರೆ. "ಹಿಂದಿನ ಸಾಲಲ್ಲಿ ಅರ್ಧ ಮುಖ ಕಾಣ್ತೈತಲ್ಲ ಮೇಡಂ, ಅವ್ರೇ ನಮ್ಮಪ್ಪ. ದೊಡ್ಡದು ಮಾಡ್ಕೊಡಿ" ಎನ್ನುತ್ತಾರೆ. ಅರ್ಧ ಮುಖಕ್ಕೆ ಇನ್ನರ್ಧ ಕೂಡಿಸಬೇಕು. ಬನಿಯನ್ನಿನಲ್ಲಿದ್ದರೆ ಕೋಟು ತೊಡಿಸಬೇಕು. ಆಸ್ಪತ್ರೆ ಹಾಸಿಗೆಯ ಮೇಲೆ ತೆಗೆದದ್ದಾದರೆ ದಿಂಬು ಅಳಿಸಿ, ಮೂಗಿನ ಕೊಳವೆ ಅಳಿಸಿ, ಹಿಂದೆ ನೀಲಿ ಆಕಾಶ ಹಾಕಿ, ಕಣ್ಣು ತೆರೆಸಬೇಕು. ಫೋಟೋವೇ ಇಲ್ಲ ಎಂದರೆ ಮಗನ ಹಣೆ, ತಮ್ಮನ ಮೂಗು, ಮಗಳ ಕಣ್ಣು ತಂದು ಹೊಂದಿಸಬೇಕು. ನಮ್ಮಪ್ಪ ಇದನ್ನು ಮುಖ ಕಟ್ಟೋದು ಎನ್ನುತ್ತಿದ್ದರು. ಅವರು ನೆಗೆಟಿವ್ ಮೇಲೆ ಸಣ್ಣ ಪೆನ್ಸಿಲ್ ಆಡಿಸಿ ಮಾಡುತ್ತಿದ್ದುದನ್ನು ನಾನು ಕಂಪ್ಯೂಟರಿನಲ್ಲಿ ಮಾಡುತ್ತೇನೆ.

ಒಂದು ಕಡೆ ಕೂರುವ ಜಾಯಮಾನ ನನ್ನದಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದಾಳೆ ಎಂದು ಅಮ್ಮ ಬಯ್ಯುತ್ತಿದ್ದಳು. ಬಸ್ಸು ಎರಡು ನಿಮಿಷ ತಡವಾದರೆ ನಡೆದೇಬಿಡುತ್ತೇನೆ, ಹಾಲು ಉಕ್ಕುವವರೆಗೆ ಕಾಯಲಾರದೆ ಉರಿ ಜೋರು ಮಾಡಿ ಚೆಲ್ಲಿಸುತ್ತೇನೆ. ಮುಖ ಕಟ್ಟಲು ಕೂತಾಗ ಮಾತ್ರ ಗಂಟೆಗಟ್ಟಲೆ ಅಲುಗಾಡುವುದಿಲ್ಲ. ಬೇರೆಯವರನ್ನೂ ಅಲುಗಾಡಲು ಬಿಡುವುದಿಲ್ಲ.

ಈ ಮಾತಿಗೆ ಒಂದು ಹಿನ್ನೆಲೆಯಿದೆ. ಅಪ್ಪನಿಗೆ ಮಂಡಿ ನೋವು ಶುರುವಾದ ಮೇಲೆ ಸಾವಿನ ಮನೆಗಳಿಗೆ ಕ್ಯಾಮೆರಾ ಹಿಡಿದು ನಾನೇ ಹೋಗತೊಡಗಿದೆ. ಒಮ್ಮೆ ಊರ್ಡಿಗೆರೆಯಲ್ಲಿ ಒಬ್ಬ ಅಜ್ಜಿ ತೀರಿಕೊಂಡಿದ್ದರು. ನಡುಮನೆಯ ಗೋಡೆಗೆ ಒರಗಿಸಿ ಕೂರಿಸಿದ್ದರು. ಕರೆಂಟಿರಲಿಲ್ಲ, ಫ್ಲ್ಯಾಶ್ ಕೈಕೊಟ್ಟಿತ್ತು, ಬಾಗಿಲಿನಿಂದ ಬರುವ ಬೆಳಕೇ ಗತಿ. ಸುತ್ತ ಕೂತ ಹೆಣ್ಣುಮಕ್ಕಳು ಎದೆ ಬಡಿದುಕೊಂಡು ಅಳುತ್ತಿದ್ದರು. ನಾನು, ಆಗಿನ್ನೂ ಇಪ್ಪತ್ತೆರಡರವಳು, "ಒಂದ್ನಿಮಿಷ ಯಾರೂ ಅಳ್ಬೇಡಿ, ಅಲುಗಾಡಿದ್ರೆ ಫೋಟೋ ಕೆಡ್ತದೆ" ಎಂದೆ. ಎಲ್ಲರೂ ನಿಲ್ಲಿಸಿದರು. ಸತ್ತ ಅಜ್ಜಿಯ ಮಗಳು ಸೆರಗನ್ನು ಬಾಯಿಗೆ ತುರುಕಿಕೊಂಡು ಹಾಗೇ ಕೂತಳು. ಫೋಟೋ ಚೆನ್ನಾಗಿ ಬಂತು. ಅಪ್ಪ ಭೇಷ್ ಎಂದರು, ನಾನು ಎರಡು ದಿನ ಬೀಗಿದೆ.

ಹೋದ ವರ್ಷ ಪಿತೃಪಕ್ಷ ಶುರುವಾದ ಎರಡನೇ ದಿನ ನನ್ನ ದೊಡ್ಡಪ್ಪನ ಮಗ ಫೋನ್ ಮಾಡಿದ. ನನಗಿಂತ ಆರು ವರ್ಷ ದೊಡ್ಡವನು. ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳಿ ನಿವೃತ್ತನಾಗಿ ಇಲ್ಲೇ ತುಮಕೂರಿನ ಸದಾಶಿವನಗರದಲ್ಲಿ ಮನೆ ಮಾಡಿಕೊಂಡಿದ್ದಾನೆ. ದೊಡ್ಡಪ್ಪ ಹೋಗಿ ಬಹಳ ವರ್ಷವಾಯಿತು. ದೊಡ್ಡಮ್ಮ ಗುಬ್ಬಿಯ ಮನೆಯಲ್ಲಿ ಕಿರಿಮಗ ಸೊಸೆಯ ಜೊತೆ ಇದ್ದಾಳೆ. ಎಂಬತ್ತು ದಾಟಿದರೂ ತೆಂಗಿನ ತೋಟಕ್ಕೆ ಹೋಗಿ ಬಿದ್ದ ಕಾಯಿ ಲೆಕ್ಕ ಕೇಳುವ ಗಟ್ಟಿ ಹೆಂಗಸು.

"ಸಿಕ್ಬಿಟ್ಟ ಕಣೇ" ಎಂದ ಅಣ್ಣ.

"ಯಾರು?"

"ಲಾಳದ ತಾತ."

ಗುಬ್ಬಿಯ ನಡುಮನೆಯ ಗೋಡೆಯ ಮೇಲೆ ನಮ್ಮ ಹಿರಿಯರ ಫೋಟೋಗಳು ಸಾಲಾಗಿವೆ. ಮಹಾಲಯ ಅಮಾವಾಸ್ಯೆಯ ದಿನ ಅವನ್ನೆಲ್ಲ ಇಳಿಸಿ, ಒರೆಸಿ, ಹೊಸ ಬಟ್ಟೆಯ ಮುಂದೆ ಸಾಲಾಗಿ ಇಟ್ಟು, ಒಬ್ಬೊಬ್ಬರಿಗೂ ಬಾಳೆ ಎಲೆ ಹಾಕಿ ಎಡೆ ಇಡುತ್ತೇವೆ. ಮುದ್ದೆ, ಬಾಡಿನ ಸಾರು, ವಡೆ, ಪಾಯಸ. ದೊಡ್ಡಪ್ಪನಿಗೆ ಒಂದು ಕಟ್ಟು ಬೀಡಿ, ನಮ್ಮಪ್ಪನಿಗೆ ಫಿಲ್ಟರ್ ಕಾಫಿ. ಸಾಲಿನ ಮೊದಲ ಜಾಗದಲ್ಲಿ ಮಾತ್ರ ಫೋಟೋ ಇರುವುದಿಲ್ಲ, ಕುದುರೆಯ ಲಾಳವೊಂದು ಇರುತ್ತದೆ. ಅರಿಶಿನ ಕುಂಕುಮ ಹಚ್ಚಿ ಹಚ್ಚಿ ಅದರ ಕಬ್ಬಿಣ ಎಲ್ಲೂ ಕಾಣುವುದಿಲ್ಲ. ಅದು ನಮ್ಮ ತಾತನ ತಾತ. ಕುಣಿಗಲ್ಲಿನ ಕುದುರೆ ಲಾಯದಲ್ಲಿದ್ದನಂತೆ. ಬಿಳಿಯರ ದಂಡು ಬರ್ಮಾಕ್ಕೆ ಹೊರಟಾಗ ಕುದುರೆಗಳ ಜೊತೆ ಹಡಗು ಹತ್ತಿದವನು ಮರಳಿ ಬರಲಿಲ್ಲವಂತೆ. ಸತ್ತ ದಿನ ಗೊತ್ತಿಲ್ಲದ ಕಾರಣ ಅವನಿಗೆ ಅಮಾವಾಸ್ಯೆಯ ಎಡೆಯೊಂದೇ. ಅವನ ಎಲೆಯ ಪಕ್ಕ ಒಂದು ಹಿಡಿ ಬೇಯಿಸಿದ ಹುರುಳಿ ಇಡುತ್ತಾರೆ. ಅದು ಕುದುರೆಗೆ.

ಅಣ್ಣ ವಾಟ್ಸಾಪಿನಲ್ಲಿ ಚಿತ್ರ ಕಳಿಸಿದ. ವಿಲಾಯಿತಿಯ ಯಾವುದೋ ಸಂಗ್ರಹಾಲಯದ ವೆಬ್‌ಸೈಟಿನಲ್ಲಿ ಸಿಕ್ಕಿದ್ದಂತೆ. ಒಂದು ಎತ್ತರದ ಕುದುರೆ, ಅದರ ತಲೆಯ ಪಕ್ಕದಲ್ಲಿ ಮೊಣಕಾಲಿನವರೆಗೆ ಪಂಚೆ ಎತ್ತಿ ಕಟ್ಟಿ, ತಲೆಗೆ ಬಟ್ಟೆ ಸುತ್ತಿದ ಒಬ್ಬ ಸಣಕಲ ಮನುಷ್ಯ. ಕುದುರೆಯ ಬೆವರಿನ ಗೆರೆಯೂ ಎಣಿಸುವಷ್ಟು ಸ್ಪಷ್ಟ. ಮನುಷ್ಯನ ಮುಖ ಮಾತ್ರ ಹಿಟ್ಟು ಕಲಸಿದ ಹಾಗೆ ಕಲಸಿಹೋಗಿತ್ತು. ಕ್ಯಾಮೆರಾದ ಕಣ್ಣು ತೆರೆದಿದ್ದಾಗ ತಲೆ ಅಲುಗಾಡಿಸಿದ್ದಾನೆ.

"ಇವನೇ ಅಂತ ಏನ್ ಗ್ಯಾರಂಟಿ?" ಎಂದೆ.

"ಅಡಿಬರಹದಲ್ಲಿ ಮೈಸೂರಿನ ಕುದುರೆ ಅಂತಿದೆ. ಬರ್ಮಾ ಅಂತಿದೆ. ಇನ್ನೇನು ಬೇಕು? ನೀನು ಮುಖ ಒಂದ್ ಸರಿ ಮಾಡ್ಕೊಡು. ಅಮ್ಮ ಅರವತ್ತು ವರ್ಷದಿಂದ ಕಬ್ಬಿಣಕ್ಕೆ ಎಡೆ ಇಡ್ತಾವ್ಳೆ. ಹೋಗೋದ್ರೊಳಗೆ ಒಂದ್ಸಲ ಮುಖ ನೋಡಿ ಇಕ್ತೀನಿ ಅಂತಾವ್ಳೆ."

ಅಮಾವಾಸ್ಯೆಗೆ ಹನ್ನೆರಡು ದಿನವಿತ್ತು. ಯಾವುದೋ ಆ್ಯಪ್‌ನಲ್ಲಿ ಅವನೇ ಮೊದಲು ಪ್ರಯತ್ನ ಪಟ್ಟಿದ್ದನಂತೆ, ಅದನ್ನೂ ಕಳಿಸಿದ. ನುಣ್ಣನೆ ಕೆನ್ನೆ, ಕತ್ತರಿಸಿದ ಮೀಸೆ, ಇನ್ಶೂರೆನ್ಸ್ ಮಾಡಿಸಿ ಸಾರ್ ಎನ್ನುವಂಥ ನಗು. ನನಗೆ ಸಿಟ್ಟೇ ಬಂತು. ನಮ್ಮ ವಂಶದಲ್ಲಿ ಯಾರಿಗಾದರೂ ಅಂಥ ಕೆನ್ನೆ ಇದೆಯೇ?

ನಾಲ್ಕು ದಿನ ಕೂತು ಮುಖ ಕಟ್ಟಿದೆ. ತಾತನ ಮೂಗು ತಂದೆ. ದೊಡ್ಡಪ್ಪನ ಗಲ್ಲ, ಅದರ ಮೇಲಿನ ಗುಳಿ ಸಮೇತ. ಕಣ್ಣಿಗೆ ಬಂದಾಗ ಯಾರದ್ದೂ ಹೊಂದಲಿಲ್ಲ. ಕೊನೆಗೆ ಅಪ್ಪನ ಹಳೆಯ ಒಂದು ಫೋಟೋದಿಂದ ಕಣ್ಣು ತಂದು ಇಟ್ಟೆ, ಕೂತುಬಿಟ್ಟಿತು. ಕಲಸಿದ ಹಿಟ್ಟಿನೊಳಗಿಂದ ಒಬ್ಬ ಮನುಷ್ಯ ನನ್ನತ್ತ ನೋಡುತ್ತಿದ್ದ. ಅಪ್ಪ ಹೋಗಿ ಹನ್ನೊಂದು ವರ್ಷ. ಕಣ್ಣೊರೆಸಿಕೊಂಡು ಎದ್ದು ಹೋಗಿ ಕಾಫಿ ಮಾಡಿಕೊಂಡೆ. ನನ್ನ ಕೈಯಿಂದ ಇದಕ್ಕಿಂತ ಒಳ್ಳೆಯ ಕೆಲಸ ಆಗಿಲ್ಲ, ಅದು ನನಗೆ ಗೊತ್ತಿತ್ತು.

ಅಲ್ಲಿಗೆ ಬಿಡಬಹುದಿತ್ತು, ಆದರೆ ಒಂದು ಕಲೆ ತಲೆಗೆ ಹುಳ ಬಿಟ್ಟಿತು. ಕುದುರೆಯ ಕಣ್ಣಿರಬೇಕಾದ ಕಡೆ ಏನೋ ಅಡ್ಡ ಬಂದಿತ್ತು. ಮೊದಲು ಆ ಕಾಲದ ಗಾಜಿನ ನೆಗೆಟಿವ್ ಪ್ಲೇಟ್ ಹಾಳಾಗಿದೆ ಎಂದುಕೊಂಡೆ. ದೊಡ್ಡದು ಮಾಡಿ ನೋಡಿದರೆ ಬೆರಳು. ಒಂದು ಕೈಯಲ್ಲಿ ಲಗಾಮು ಹಿಡಿದವನು ಇನ್ನೊಂದು ಕೈಯನ್ನು ಕುದುರೆಯ ಕಣ್ಣಿನ ಮೇಲೆ ಇಟ್ಟಿದ್ದ. ಅಷ್ಟು ಚಂದದ ಕುದುರೆಯ ಕಣ್ಣು ಮುಚ್ಚಿದರೆ ಫೋಟೋ ಎಲ್ಲಿ ಚೆನ್ನಾಗಿ ಕಾಣುತ್ತದೆ? ಕೈ ಅಳಿಸಿ ಒಂದು ಕಣ್ಣು ಕೂರಿಸೋಣ ಎಂದು ಹೊರಟೆ. ಆದರೆ ಕುದುರೆಯ ಕಣ್ಣು ಹೇಗಿರುತ್ತದೆ ಎಂದು ನನಗೇನು ಗೊತ್ತು. ನಮಗೆ ಚೌಕಟ್ಟು ಕಟ್ಟಿಕೊಡುವ ಅಂಗಡಿಯವರ ಬೀಗರೊಬ್ಬರು ಕುಣಿಗಲ್ಲಿನಲ್ಲಿದ್ದಾರೆ, ಜೀವಮಾನವಿಡೀ ಕುದುರೆ ಮೇಯಿಸಿದವರು ಎಂದು ಗೊತ್ತಾಗಿ, ಬೆಳಗ್ಗೆಯೇ ಪ್ರಿಂಟು ಹಿಡಿದು ಬಸ್ಸು ಹತ್ತಿದೆ.

ಕೋಟೆಯ ಕಡೆಯ ಒಂದು ಸಂದಿಯಲ್ಲಿ ಅವರ ಮನೆ. ಎಪ್ಪತ್ತೈದರ ಆಸುಪಾಸು, ಬಿಳಿ ಗಡ್ಡ, ಎಡಗೈಯ ಎರಡು ಬೆರಳು ಸೊಟ್ಟ. ಕುದುರೆ ಕಚ್ಚಿದ್ದಂತೆ. ಮೊಮ್ಮಗಳ ಕೈಯಿಂದ ಕನ್ನಡಕ ಇಸಿದುಕೊಂಡು ಪ್ರಿಂಟನ್ನು ಬೆಳಕಿಗೆ ಹಿಡಿದರು. ನಾನು ಮುಖದ ಬಗ್ಗೆ ಏನಾದರೂ ಹೇಳುತ್ತಾರೇನೋ ಎಂದು ಕಾಯುತ್ತಿದ್ದೆ. ಅವರು ಮುಖವನ್ನು ನೋಡಲೇ ಇಲ್ಲ.

"ಈ ಕೈ ಅಳಿಸ್ಬೇಡಿ ಅಮ್ಮ" ಎಂದರು. "ಇವ್ನು ಕೆಲಸ ಗೊತ್ತಿರೋ ಮನ್ಷ."

"ಕಣ್ಣು ಯಾಕೆ ಮುಚ್ಚಿದಾನೆ?"

"ಕಿವಿ ನೋಡಿ. ಎರಡೂ ಈ ಕಡೆ ತಿರುಗವೆ." ಸೊಟ್ಟ ಬೆರಳಿನಿಂದ ಚಿತ್ರದ ಎಡ ಅಂಚನ್ನು ಮುಟ್ಟಿದರು. "ಮೂಗಿನ ಹೊಳ್ಳೆ ಅರಳೈತೆ. ಹೆದರೈತೆ ಜಾನವಾರು. ಆ ಕಡೆ ಏನೋ ನಡೀತಾ ಅದೆ. ಅದನ್ನ ನೋಡಿದ್ರೆ ಇದು ನಿಲ್ಲಲ್ಲ, ಕಿತ್ಕೊಂಡು ಓಡ್ತದೆ. ಅದ್ಕೆ ಇವ್ನು ಕಣ್ಣು ಮುಚ್ಚವ್ನೆ. ಬೆಂಕಿ ಬಿದ್ದಾಗ, ಪಟಾಕಿ ಹೊಡೆವಾಗ ನಾವೂ ಹಿಂಗೇ ಮಾಡ್ತಿದ್ವಿ." ಪ್ರಿಂಟನ್ನು ತಿರುಗಿಸಿ ಹಿಂದೆ ಏನಾದರೂ ಇದೆಯೇ ಎಂದು ನೋಡಿದರು. "ಈ ಕಡೆ ಏನೈತೆ ಅಮ್ಮ? ಫೋಟೋ ಇಷ್ಟೇನಾ?"

ಚಿತ್ರದ ಎಡ ಅಂಚನ್ನು ನಾನು ಆಗ ಸರಿಯಾಗಿ ನೋಡಿದೆ. ಮೂವತ್ತು ವರ್ಷ ಇದೇ ಕೆಲಸ ಮಾಡಿದವಳು, ನನಗೆ ನಾಚಿಕೆಯಾಯಿತು. ಹಳೆಯ ಗಾಜಿನ ಪ್ಲೇಟಿಗೆ ಮೂರು ಕಡೆ ಕಪ್ಪು ಅಂಚಿತ್ತು, ಎಡಕ್ಕೆ ಮಾತ್ರ ಇರಲಿಲ್ಲ. ಯಾರೋ ಕತ್ತರಿಸಿದ್ದರು.

ಅವರ ಸೊಸೆ ಚಹಾ ತಂದಳು. ಗಂಟಲು ಸುಟ್ಟುಕೊಂಡು ಕುಡಿದು ಬಸ್ ಸ್ಟ್ಯಾಂಡಿಗೆ ಓಡಿದೆ. ಅಲ್ಲಿಂದಲೇ ಅಣ್ಣನಿಗೆ ಫೋನ್ ಹಚ್ಚಿದೆ. ಎತ್ತಲಿಲ್ಲ. ಮತ್ತೆ ಹಚ್ಚಿದೆ. ದಾರಿಯುದ್ದಕ್ಕೂ ಸೀಟಿನಲ್ಲಿ ಕೂರಲಾಗದೆ ಬಾಗಿಲ ಬಳಿ ನಿಂತೇ ಬಂದೆ. ಕಂಡಕ್ಟರ್ ಎರಡು ಸಲ ಗದರಿದ. ತುಮಕೂರಿನಲ್ಲಿ ಇಳಿದು ಶೆಟ್ಟಿಹಳ್ಳಿಯ ನನ್ನ ಮನೆಗೆ ಹೋಗದೆ ನೇರ ಸದಾಶಿವನಗರದ ಆಟೋ ಹತ್ತಿದೆ.

ಅಣ್ಣ ಸೋಫಾದ ಮೇಲೆ ಕಾಲು ಚಾಚಿ ಪೇಪರ್ ಓದುತ್ತಿದ್ದ.

"ಎಡಗಡೆ ಏನಿತ್ತು?" ಎಂದೆ, ಚಪ್ಪಲಿಯನ್ನೂ ಬಿಡದೆ.

ಏನೂ ಗೊತ್ತಿಲ್ಲದವನ ಹಾಗೆ ಮುಖ ಮಾಡಲು ನೋಡಿದ, ಆಗಲಿಲ್ಲ. ಎದ್ದು ಲ್ಯಾಪ್‌ಟಾಪ್ ತಂದು ತೆರೆದು ನನ್ನ ಕಡೆ ತಿರುಗಿಸಿ, ತಾನು ಕಿಟಕಿಯ ಹತ್ತಿರ ಹೋಗಿ ನಿಂತ.

ಕುದುರೆ ಮತ್ತು ಆ ಮನುಷ್ಯ ಇದ್ದದ್ದು ಚಿತ್ರದ ಬಲತುದಿಯಲ್ಲಿ, ಕಾಲುಭಾಗ. ಉಳಿದದ್ದು ಒಂದು ಬಯಲು. ಎಡಕ್ಕೆ ಬಿದಿರಿನ ಬೇಲಿ. ಬೇಲಿಗೆ ಬೆನ್ನು ಕೊಟ್ಟು, ಕೈ ಹಿಂದಕ್ಕೆ ಕಟ್ಟಿಸಿಕೊಂಡು ಐದು ಜನ ನಿಂತಿದ್ದರು. ಉದ್ದ ಕೂದಲನ್ನು ತಲೆಯ ಮೇಲೆ ಗಂಟು ಹಾಕಿದ್ದರು, ಸೊಂಟಕ್ಕೆ ಸುತ್ತಿದ ಬಟ್ಟೆ. ಅವರೆದುರು ಸಿಪಾಯಿಗಳು ಬಂದೂಕು ಗುರಿಯಿಟ್ಟು ಸಾಲಾಗಿ ನಿಂತಿದ್ದರು. ನಡುವೆ ಒಬ್ಬ ಸಾಹೇಬ, ಸೊಂಟದ ಮೇಲೆ ಕೈ. ಕೆಳಗೆ ಅವನ ಹೆಸರು, ಅವನ ದಳದ ಹೆಸರು, ಅವನ ಕುದುರೆಯ ಹೆಸರು. ಆ ಐವರನ್ನು ಡಕಾಯಿತರು ಎಂದು ಬರೆದಿತ್ತು. ನಮ್ಮ ತಾತನ ತಾತನನ್ನು ಸೈಸ ಎಂದು ಬರೆದಿತ್ತು, ಕುದುರೆ ಹಿಡಿಯುವ ಆಳು ಎಂದರ್ಥ.

ನಾನು ಕಸುಬಿನವಳು, ಕಣ್ಣು ಮೊದಲು ಹೋದದ್ದು ಸ್ಪಷ್ಟತೆಯ ಕಡೆಗೆ. ಸಿಪಾಯಿಗಳು ಸ್ಪಷ್ಟ, ಅಲುಗಾಡಬೇಡಿ ಎಂದು ಅವರಿಗೆ ಆಜ್ಞೆಯಾಗಿದೆ. ಸಾಹೇಬ ಸ್ಪಷ್ಟ, ಫೋಟೋ ಅವನದ್ದೇ. ಕಟ್ಟಿಹಾಕಿದ ಐವರೂ ಸ್ಪಷ್ಟ, ಒಬ್ಬನ ತುಟಿ ಒಡೆದದ್ದೂ ಕಾಣುತ್ತದೆ. ಅಷ್ಟೂ ಜನರಲ್ಲಿ ತಲೆ ಅಲುಗಾಡಿಸಿದವನು ಇವನೊಬ್ಬನೇ.

"ಕ್ಯಾಮೆರಾ ರೆಡಿಯಾಗೋವರೆಗೂ ಗುಂಡು ಹಾರಿಸ್ಬೇಡಿ ಅಂತ ನಿಲ್ಲಿಸ್ತಿದ್ರಂತೆ" ಎಂದ ಅಣ್ಣ ಕಿಟಕಿಯ ಕಡೆಗೇ ಮಾತಾಡುತ್ತಾ. "ಬರ್ಮಾದಲ್ಲಿ ಹಾಗೊಬ್ಬ ಅಧಿಕಾರಿ ಮಾಡಿದ್ದಕ್ಕೆ ಅವರ ದೇಶದಲ್ಲೇ ಗಲಾಟೆಯಾಯ್ತು. ಇದು ಆ ಫೋಟೋ ಅಲ್ಲ, ಅಂಥದ್ದೇ. ಅದಕ್ಕೂ ಮುಂಚೆ ಉತ್ತರದಲ್ಲಿ ಸಿಪಾಯಿ ದಂಗೆ ಮುಗಿದ ಮೇಲೆ ಒಬ್ಬ ಫೋಟೋಗ್ರಾಫರ್ ಬಂದಿದ್ದ. ಹಾಳುಬಿದ್ದ ಅರಮನೆ ಅಂಗಳದಲ್ಲಿ ಸತ್ತವರ ಮೂಳೆ ಹರಡಿಸಿ ಫೋಟೋ ತೆಗೆದ ಅಂತಾರೆ. ಗೆದ್ದವನು ಬರೀ ಕೊಂದ್ರೆ ಸಾಲದು, ಕೊಂದಿದ್ದು ಚೆನ್ನಾಗಿ ಕಾಣ್ಬೇಕು. ಕ್ಲಾಸಲ್ಲಿ ವರ್ಷಾ ವರ್ಷಾ ಹೇಳ್ತಿದ್ದೆ."

"ಹೇಳೋದು ಶಾಸ್ತ್ರ, ಹಾಕೋದು ಗಾಳ. ನೀನೇ ಕತ್ತರಿಸಿದೀಯಲ್ಲ."

"ಮತ್ತೇನ್ ಮಾಡ್ಲಿ? ಎಂಬತ್ನಾಲ್ಕು ವರ್ಷದೋಳಿಗೆ ಇದನ್ನ ತೋರಿಸ್ಲಾ? ಅರವತ್ತು ವರ್ಷ ಎಡೆ ಇಟ್ಟಿದೀಯಲ್ಲಮ್ಮ, ಅವನು ಕೊಲ್ಲೋರ ಕುದುರೆ ಹಿಡ್ಕೊಂಡು ನಿಂತಿದ್ದ ನೋಡು ಅಂತ ಹೇಳ್ಲಾ? ನೀನು ಸಾವಿರ ಜನದ್ದು ಕೊಳವೆ ಅಳಿಸಿದೀಯ, ದಿಂಬು ಅಳಿಸಿದೀಯ. ಇದೂ ಒಂದು ಅಂತ ಅಂದ್ಕೋ."

ಜೋರಾಗಿ ನಾಲ್ಕು ಬೈದು, ಚಿತ್ರವನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಹೊರಟುಬಂದೆ.

ಆಮೇಲಿನ ದಿನಗಳಲ್ಲಿ ಗಿರಾಕಿಗಳ ಮೇಲೆ ರೇಗಿದೆ. ಯಾರದೋ ಶ್ರದ್ಧಾಂಜಲಿ ಫ್ಲೆಕ್ಸಿನಲ್ಲಿ ಹೆಸರು ತಪ್ಪಾಗಿ ಹಾಕಿದೆ. ಎರಡು ಫೋಟೋಗಳನ್ನೂ ಪರದೆಯ ಮೇಲೆ ಪಕ್ಕಪಕ್ಕ ಇಟ್ಟುಕೊಂಡು ನೋಡಿದೆ. ಒಂದರಲ್ಲಿ ನಾನು ಕಟ್ಟಿದ ಮುಖ, ಇನ್ನೊಂದರಲ್ಲಿ ಕಲಸಿಹೋದದ್ದು. ಅವನು ತಲೆ ಅಲುಗಾಡಿಸಿದ್ದು ಯಾಕೆ? ಕುದುರೆಯನ್ನು ಸಮಾಧಾನ ಮಾಡಲು ತಿರುಗಿದನೇ? ಆ ಐವರನ್ನು ನೋಡಲಾಗದೆ ತಿರುಗಿದನೇ? ಅಥವಾ ನೊಣ ಕೂತಿತ್ತೇ? ಕಲಸಿದ ಬೂದು ಬಣ್ಣದಲ್ಲಿ ಮೂರಕ್ಕೂ ಜಾಗವಿತ್ತು. ನಾನು ಕಟ್ಟಿದ ಮುಖದಲ್ಲಿ ಒಂದಕ್ಕೂ ಜಾಗವಿರಲಿಲ್ಲ. ಅವನು ನೆಟ್ಟಗೆ ಮುಂದೆ ನೋಡುತ್ತಿದ್ದ, ಅಪ್ಪನ ಕಣ್ಣಿನಿಂದ. ಅಲುಗಾಡಬೇಡ ಎಂದವರ ಮಾತನ್ನು ಅವನು ಮೀರಿದ್ದ. ನಾನು ಇಷ್ಟು ವರ್ಷದ ಮೇಲೆ ಅವನನ್ನು ಹಿಡಿದು ನಿಲ್ಲಿಸಿದ್ದೆ. ಊರ್ಡಿಗೆರೆಯ ಆ ಮಗಳು ಸೆರಗು ಬಾಯಿಗೆ ತುರುಕಿಕೊಂಡದ್ದು ನೆನಪಿಗೆ ಬಂತು.

ಅಮಾವಾಸ್ಯೆಯ ಬೆಳಗ್ಗೆ ಎರಡೂ ಪ್ರಿಂಟು ತೆಗೆದುಕೊಂಡು ಗುಬ್ಬಿಗೆ ಹೋದೆ. ಕಟ್ಟಿದ ಮುಖದ್ದು ಚೌಕಟ್ಟು ಹಾಕಿಸಿದ್ದು. ಇಡೀ ಚಿತ್ರದ್ದು ಬರೀ ಕಾಗದ, ಬ್ಯಾಗಿನ ತಳದಲ್ಲಿ. ಅದನ್ನು ತೆಗೆಯುತ್ತೇನೋ ಇಲ್ಲವೋ ಎಂದು ಬಾಗಿಲು ದಾಟುವವರೆಗೂ ನನಗೆ ಗೊತ್ತಿರಲಿಲ್ಲ. ಮನೆಯೊಳಗೆ ವಡೆ ಕರಿಯುವ ವಾಸನೆ ತುಂಬಿತ್ತು. ಅಣ್ಣ ಆಗಲೇ ಬಂದು ಫೋಟೋಗಳನ್ನು ಒರೆಸುತ್ತಿದ್ದ. ನನ್ನನ್ನು ನೋಡಿ, ಬೇಡ ಎನ್ನುವಂತೆ ತಲೆಯಾಡಿಸಿದ.

ದೊಡ್ಡಮ್ಮ ಕೈ ತೊಳೆದುಕೊಂಡು ಬಂದು, ಚಾಪೆಯ ಮೇಲೆ ಕೂತು, ಚೌಕಟ್ಟನ್ನು ತೊಡೆಯ ಮೇಲಿಟ್ಟುಕೊಂಡಳು. ಬಹಳ ಹೊತ್ತು ನೋಡಿದಳು. ಆಮೇಲೆ ನಕ್ಕಳು.

"ಗಣೇಶನ್ನ ಮಾಡಕ್ಕೋಗಿ ಅವರಪ್ಪನ್ನ ಮಾಡಿದ್ರಂತೆ. ಇದು ನಿಮ್ಮಪ್ಪ ಕಣೇ. ನನ್ ಮೈದ್ನ ನಂಗೆ ಗೊತ್ತಾಗಕಿಲ್ವಾ? ಅವ್ನ ಎಲೆ ಆಗ್ಲೇ ಐತೆ, ಎರಡೆಲ್ಡು ಕಡೆ ಉಣ್ಣಾಕೆ ಅವ್ನೇನ್ ಅಷ್ಟು ಹೊಟ್ಟೆಬಾಕ್ನಾ?"

ನಾನೂ ನಕ್ಕೆ. ನಗುತ್ತಲೇ ಅಳು ಬಂತು. ಬ್ಯಾಗಿನ ತಳದಿಂದ ಕಾಗದ ತೆಗೆದು ಅವಳ ಕೈಗೆ ಕೊಟ್ಟೆ. ಅಣ್ಣ ಒರೆಸುವ ಬಟ್ಟೆಯನ್ನು ನೆಲಕ್ಕೆ ಎಸೆದು ಹೊರಗೆ ಹೋಗಿ, ಮತ್ತೆ ಒಳಗೆ ಬಂದ.

ಕನ್ನಡಕ ಹಾಕಿಕೊಂಡು ಅವಳು ಬೆರಳಿಟ್ಟು ನೋಡತೊಡಗಿದಳು. ಇವರು ಯಾರು, ಇವನು ಯಾರು, ಕೈ ಯಾಕೆ ಕಟ್ಟಿದ್ದಾರೆ. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಕುಣಿಗಲ್ಲಿನ ಹಿರಿಯರು ಹೇಳಿದ್ದನ್ನೂ ಹೇಳಿದೆ. ಇವನು ನಮ್ಮವನೇ ಎನ್ನಲು ಖಾತರಿಯಿಲ್ಲ ಎಂದೂ ಹೇಳಿದೆ.

"ಲಾಳ ಅವನ್ದೇ ಅಂತ ಯಾರ್ ಬಂದು ಖಾತ್ರಿ ಕೊಟ್ಟಿದ್ರು? ಇಕ್ತಿರ್ಲಿಲ್ವಾ?" ಎಂದಳು. ಬೆರಳು ಕುದುರೆಯ ಕಣ್ಣಿನ ಮೇಲಿನ ಕೈಗೆ ಬಂದು ನಿಂತಿತು. "ಪ್ರಾಣಿ ಕಣ್ಣು ಮುಚ್ಚಿದ. ಇವ್ನ ಕಣ್ಣು ಯಾರ್ ಮುಚ್ಚಬೇಕಿತ್ತು?"

ಅಣ್ಣ ಕೆಮ್ಮಿದ. "ಅಮ್ಮ, ಅವನು ಕೂಲಿಯವನು. ಅವನ ತಪ್ಪಿಲ್ಲ."

"ತಪ್ಪು ಅಂತ ಯಾರಂದ್ರು ಈಗ?" ಅವಳ ಬೆರಳು ಎಡಕ್ಕೆ ಸರಿಯಿತು. ಒಂದು, ಎರಡು, ಮೂರು. ಐದಕ್ಕೆ ನಿಂತಿತು. "ಇವ್ರಿಗೆ ಯಾರಾದ್ರೂ ಎಡೆ ಇಕ್ಕಿರ್ತಾರಾ?"

ಯಾರಿಗೆ ಗೊತ್ತು? ಹೆಸರೇ ಇಲ್ಲ. ಹೆಣ ಮನೆಯವರಿಗೆ ಸಿಕ್ಕಿತೋ ಇಲ್ಲವೋ. ನಾನು ಹಾಗೆಂದೆ.

ದೊಡ್ಡಮ್ಮ ಅಡುಗೆಮನೆಯ ಕಡೆ ತಿರುಗಿ ಸೊಸೆಯನ್ನು ಕೂಗಿದಳು. "ಇನ್ನೈದು ಎಲೆ ತೊಳ್ಕೊಂಬಾ."

"ಅಮ್ಮ" ಎಂದ ಅಣ್ಣ, "ಯಾರೋ ಗೊತ್ತಿಲ್ಲದವ್ರನ್ನ ಮನೆಯೊಳಕ್ಕೆ ಕರೆಯೋದಾ? ಹಿರೀರ ಜೊತೆ ಕೂರಿಸೋದಾ? ಅವರು ನಮ್ಮ ರಕ್ತ ಅಲ್ಲ, ಜನ ಅಲ್ಲ, ದೇಶ ಅಲ್ಲ."

"ಏನ್ಲಾ ಮಾತಾಡ್ತೀಯ?" ಎಂದಳು ಅವಳು, ದನಿ ಏರಿಸದೆ. ಗೋಡೆಗೆ ಒರಗಿಸಿದ್ದ ಫೋಟೋಗಳ ಸಾಲಿನ ಕಡೆ ಕೈ ತೋರಿಸಿದಳು. "ಇಲ್ಲಿರೋರಲ್ಲಿ ಒಬ್ರಾದ್ರೂ ನನ್ನ ರಕ್ತನಾ? ನಿಮ್ಮಪ್ಪನ್ನ ಬುಟ್ರೆ ಅರ್ಧ ಜನದ ಮುಖಾನೇ ನಾನು ಕಂಡಿಲ್ಲ. ಹೊರಗಿಂದ ಬಂದೋಳು ನಾನು. ಅರವತ್ತು ವರ್ಸದಿಂದ ಇಕ್ತಿಲ್ವಾ? ಇವ್ರು ಬಂದು ಉಣ್ತಿಲ್ವಾ?"

ಅಣ್ಣ ಬಗ್ಗಿ, ತಾನೇ ಎಸೆದಿದ್ದ ಒರೆಸುವ ಬಟ್ಟೆಯನ್ನು ಎತ್ತಿಕೊಂಡ. ಜೀವನದಲ್ಲಿ ಮೊದಲ ಸಲ ಅವನ ಮೇಲೆ ನನಗೆ ಪ್ರೀತಿ ಉಕ್ಕಿತು, ಪಾಪ.

"ಅವ್ರು ಏನ್ ಉಣ್ತಾರಂತೆ?" ಎಂದು ಅವನನ್ನೇ ಕೇಳಿದಳು.

"ಅನ್ನ" ಎಂದ ಅವನು. "ಅನ್ನ, ಮೀನು."

"ಅನ್ನ ಐತೆ. ಮುದ್ದೆ ಇಕ್ಬ್ಯಾಡಿ ಅವ್ರಿಗೆ, ನುಂಗಕ್ಕೆ ಬರ್ದೇ ಒದ್ದಾಡ್ತಾರೆ. ಹೋಗಿ ಮೀನು ತಗೊಂಬಾ."

ಇತಿಹಾಸದ ಮೇಷ್ಟ್ರು ತಮ್ಮನ ಸ್ಕೂಟರ್ ಹತ್ತಿ ಕೆರೆಯ ಕಡೆ ಹೋದರು. ಮುಕ್ಕಾಲು ಗಂಟೆಯ ಮೇಲೆ ಬಂದಾಗ ಕೈಯಲ್ಲಿ ಕಪ್ಪು ಪ್ಲಾಸ್ಟಿಕ್ ಕವರಿತ್ತು. ಕವರಿನಲ್ಲಿ ಐದು ಮೀನಿದ್ದವು.

ಸೊಸೆ ಮೀನು ಹುರಿದಳು. ಚಿತ್ರದಲ್ಲಿ ಸಾಹೇಬ ಇನ್ನೂ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. "ಇವನನ್ನ ಏನ್ ಮಾಡಾಣ ದೊಡ್ಡಮ್ಮ, ಕತ್ತರಿಸ್ಲಾ?" ಎಂದೆ, ಕೈ ಸುಮ್ಮನಿರದೆ.

"ಏನೂ ಕತ್ತರಿಸ್ಬ್ಯಾಡ. ಅವ್ನಿಗೆ ಅವ್ರ ಮನೇಲಿ ಇಕ್ಕಿರ್ತಾರೆ ಬುಡು."

ಮಧ್ಯಾಹ್ನ ಎಡೆ ಇಟ್ಟೆವು. ಲಾಳಕ್ಕೆ ಹೊಸ ಕುಂಕುಮ ಹಚ್ಚಿ ಅದರ ಜಾಗದಲ್ಲೇ ಇಟ್ಟು, ಇಡೀ ಚಿತ್ರವನ್ನು ಅದರ ಹಿಂದೆ ಗೋಡೆಗೆ ಒರಗಿಸಿದೆವು. ಲಾಳದ ಮುಂದೆ ಮುದ್ದೆ, ಬಾಡು, ಪಕ್ಕದಲ್ಲಿ ಒಂದು ಹಿಡಿ ಹುರುಳಿ. ಅದರಾಚೆ ಐದು ಎಲೆ, ಅನ್ನ, ಮೀನು. ಐದನೆಯ ಎಲೆಗೆ ನೀರು ಚಿಮುಕಿಸಿದ್ದು ಅಣ್ಣನೇ. ನಾನು ಕಟ್ಟಿದ ಮುಖವನ್ನು ಮತ್ತೆ ಬ್ಯಾಗಿಗೆ ಹಾಕಿಕೊಂಡೆ. ಧೂಪ ಹಾಕಿ ಎಲ್ಲರೂ ಅಡ್ಡಬಿದ್ದೆವು. ಏಳುವಾಗ ಅಭ್ಯಾಸಬಲದಿಂದ ನನ್ನ ಕೈ ಫೋನಿಗೆ ಹೋಗಿತ್ತು. ಬೆಳಕು ಚೆನ್ನಾಗಿತ್ತು.

"ಈಗ ಬ್ಯಾಡ" ಎಂದಳು ದೊಡ್ಡಮ್ಮ. "ಉಣ್ಣೋವಾಗ ಯಾರಾದ್ರೂ ಫೋಟೋ ತಗೀತಾರಾ? ಬಾ ಆಚೆಗೆ."

ಎಡೆ ಇಟ್ಟ ಮೇಲೆ ಬಾಗಿಲು ಹಾಕಿಕೊಂಡು ಎಲ್ಲರೂ ಹೊರಗೆ ಬರುವುದು ನಮ್ಮ ಪದ್ಧತಿ. ಹಿರಿಯರು ಬಂದು ಉಂಡು ಹೋಗಲು ಹತ್ತು ನಿಮಿಷ ಬಿಡುತ್ತೇವೆ. ಆಮೇಲೆ ಬಾಗಿಲು ತಟ್ಟಿ ಒಳಗೆ ಹೋಗುತ್ತೇವೆ. ಜಗುಲಿಯ ಮೇಲೆ ಸಾಲಾಗಿ ಕೂತೆವು. ಹತ್ತು ನಿಮಿಷವಾಯಿತು. ಒಳಗಿನಿಂದ ಧೂಪದ ವಾಸನೆ ಬರುತ್ತಿತ್ತು. ಹದಿನೈದಾಯಿತು. ಎಲ್ಲರಿಗೂ ಹೊಟ್ಟೆ ಹಸಿದಿತ್ತು. ಅಣ್ಣ ಗಡಿಯಾರ ನೋಡಿಕೊಂಡು ಎದ್ದು ನಿಂತ.

"ತಟ್ಲೇನಮ್ಮ?"

"ಕೂತ್ಕೊಳ್ಲಾ" ಎಂದಳು ದೊಡ್ಡಮ್ಮ. "ದೂರದಿಂದ ಬಂದವ್ರೆ. ಕೈ ಬೇರೆ ಕಟ್ಟವ್ರೆ, ಬಿಚ್ಕೊಂಡು ಉಣ್ಣಬೇಕಲ್ಲ. ಇನ್ನೊಂದ್ ಸ್ವಲ್ಪ ಹೊತ್ತು ಇರ್ಲಿ."

ಅಣ್ಣ ಕೂತ. ನಾನೂ ಕಾಲು ಮಡಿಸಿ, ಅಲುಗಾಡದೆ ಕೂತೆ.